ಹಳೆಯ ಲ್ಯಾಪ್‌ಟಾಪ್ ಆನ್ ಮಾಡಿದಾಗಲೆಲ್ಲ ‘ಸಿಮಾಸ್ ಚೆಕ್‌ಸಮ್ ಬ್ಯಾಡ್’ ಅಂತ ಬರುತ್ತದೆ, ತಾರೀಖೂ ಹಿಂದಕ್ಕೆ ಹೋಗಿರುತ್ತದೆ. ಏನು ಮಾಡಲಿ?

ಮದರ್‌ಬೋರ್ಡಿನ ಬಿಲ್ಲೆ ಸೆಲ್ ಬದಲಾಯಿಸಿ. ಹಾರ್ಡ್ ಡಿಸ್ಕಿಗೂ ಇದಕ್ಕೂ ಸಂಬಂಧವಿಲ್ಲ. ಲ್ಯಾಪ್‌ಟಾಪಿಗೆ ಬೇರೆ ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದೂ ಬಯಾಸ್ (ಆನ್ ಆದೊಡನೆ ಮೊದಲು ಓಡುವ ಮೂಲ ತಂತ್ರಾಂಶ) ಸೆಟ್ಟಿಂಗನ್ನು ಸಿಮಾಸ್ ಎಂಬ ಪುಟ್ಟ ಮೆಮೊರಿಯಲ್ಲಿ ಉಳಿಸುವುದೂ ಈ 3 ವೋಲ್ಟಿನ ಸೆಲ್. ಅದು ಸೋತರೆ ಉಳಿಸಿದ ಸೆಟ್ಟಿಂಗಿನ ಲೆಕ್ಕ (ಚೆಕ್‌ಸಮ್) ತಾಳೆಯಾಗುವುದಿಲ್ಲ, ಅದಕ್ಕೇ ಈ ಸಂದೇಶ.

ಮೊದಲು ಚಾರ್ಜರ್, ದೊಡ್ಡ ಬ್ಯಾಟರಿ ಎರಡನ್ನೂ ತೆಗೆಯಿರಿ. ಸೆಲ್ ಹೆಚ್ಚಾಗಿ ಸಿಆರ್2032. ಆದರೆ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದು ಕಪ್ಪು ಅಥವಾ ಹಳದಿ ಹೊದಿಕೆಯೊಳಗೆ, ಕೆಂಪು-ಕಪ್ಪು ವೈರಿನ ತುದಿಗೆ ಪುಟ್ಟ ಕನೆಕ್ಟರ್ ಸಮೇತ ಇರುತ್ತದೆ, ಅಂಥದ್ದನ್ನೇ ಕೊಳ್ಳಿ. ಬರೀ ಸೆಲ್ ತಂದು ವೈರ್ ಬೆಸೆಯಲು ಹೋಗಬೇಡಿ, ಬಿಸಿಗೆ ಸಿಡಿಯಬಹುದು.

ಹಾಕಿದ ಮೇಲೆ ಬಯಾಸ್‌ಗೆ ಹೋಗಿ (ಆನ್ ಮಾಡಿದೊಡನೆ ಸಾಮಾನ್ಯವಾಗಿ ಎಫ್2 ಒತ್ತಿ) ತಾರೀಖು ಸರಿಪಡಿಸಿ, ಸೇವ್ ಮಾಡಿ. ವಿಂಡೋಸ್ ಶುರುವಾಗದೆ ನೀಲಿ ಪರದೆ ಬಂದರೆ ಗಾಬರಿ ಬೇಡ: ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕಿನೊಡನೆ ವ್ಯವಹರಿಸುವ ವಿಧಾನದ ಸೆಟ್ಟಿಂಗ್) ಬದಲಾಗಿರಬಹುದು, ಮೊದಲಿದ್ದಂತೆ ಎಎಚ್‌ಸಿಐ ಅಥವಾ ಐಡಿಇಗೆ ತಿರುಗಿಸಿ.