ಪ್ರತಿಕ್ರಿಯೆ: ಕೂಲೆಂಟ್‌ನಲ್ಲಿರುವ ಟೋಲಿಲ್‌ಟ್ರೈಯಾಜೋಲ್ ಬಗ್ಗೆ

ಗಾಡಿಯ ಎಂಜಿನ್ ತಣ್ಣಗಿಡುವ ಕೂಲೆಂಟ್ ಡಬ್ಬದ ಮೇಲೆ ಟೋಲಿಲ್‌ಟ್ರೈಯಾಜೋಲ್ ಅಂತ ಬರೆದಿದೆ, ಅದು ಯಾಕೆ, ಕೈಗೆ ತಾಗಿದರೆ ಅಪಾಯವಾ, ಅದನ್ನೇ ಪ್ರತ್ಯೇಕವಾಗಿ ತಂದು ಹಾಕಬಹುದಾ ಅಂತ ಕೇಳಿದ್ದೀರಿ.

ಅದರ ಮುಖ್ಯ ಕೆಲಸ ತಾಮ್ರ, ಹಿತ್ತಾಳೆ ಕಾಯುವುದು. ತಾಮ್ರದ ಮೇಲ್ಮೈಗೆ ಅಂಟಿಕೊಂಡು ಕಣ್ಣಿಗೆ ಕಾಣದಷ್ಟು ತೆಳು ಪದರವಾಗುತ್ತದೆ. ನಮ್ಮ ಗಾಡಿಯಲ್ಲಿ ಎಲ್ಲಾ ಅಲ್ಯೂಮಿನಿಯಂ ಅಲ್ವಾ ಅನ್ನಬಹುದು. ಆದರೆ ಎಲ್ಲೋ ಒಂದು ಹಿತ್ತಾಳೆ ಭಾಗ ಸವೆದು ಅದರ ತಾಮ್ರ ಕೂಲೆಂಟ್‌ಗೆ ಸೇರಿದರೂ ಸಾಕು, ಅದು ಹೋಗಿ ಅಲ್ಯೂಮಿನಿಯಂ ಮೇಲೆ ಕೂತು ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ರೇಡಿಯೇಟರ್ ತೂತಾಗಲು ಇದೂ ಒಂದು ಕಾರಣ.

ಇನ್ನು ಅಪಾಯದ ಮಾತು. ಕೂಲೆಂಟ್‌ನಲ್ಲಿ ಇದು ತೀರಾ ಕಡಿಮೆ ಇರುತ್ತದೆ. ಕೈಗೆ ತಾಗಿದರೆ ಸೋಪು ಹಾಕಿ ತೊಳೆಯಿರಿ, ಕಣ್ಣಿಗೆ ಬಿದ್ದರೆ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ನನಗೆ ನಿಜವಾಗಿ ಭಯ ಇರುವುದು ಅದೇ ಡಬ್ಬದಲ್ಲಿರುವ ಮುಖ್ಯ ದ್ರವ, ಎಥಿಲೀನ್ ಗ್ಲೈಕಾಲ್ ಬಗ್ಗೆ. ಅದು ಸಿಹಿ. ಮಕ್ಕಳು, ನಾಯಿ, ಬೆಕ್ಕು ನೆಕ್ಕಿದರೆ ಕಿಡ್ನಿ ಹಾಳಾಗಿ ಜೀವಕ್ಕೇ ಕುತ್ತು. ಯಾರಾದರೂ ಕುಡಿದರೆ ಲಕ್ಷಣಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹಳೆ ಕೂಲೆಂಟ್ ಚರಂಡಿಗೆ ಚೆಲ್ಲಬೇಡಿ. ಟೋಲಿಲ್‌ಟ್ರೈಯಾಜೋಲ್ ನೀರಿನಲ್ಲಿ ಬೇಗ ಕೊಳೆತು ನಾಶವಾಗುವ ವಸ್ತುವಲ್ಲ, ಜಲಚರಗಳಿಗೆ ಕೆಟ್ಟದ್ದು.

ಟೋಲಿಲ್‌ಟ್ರೈಯಾಜೋಲ್ ಪ್ರತ್ಯೇಕವಾಗಿ ತಂದು ಸುಮ್ನೆ ಸುರಿಯಬೇಡಿ. ಜಾಸ್ತಿ ಹಾಕಿದರೆ ಜಾಸ್ತಿ ರಕ್ಷಣೆ ಸಿಗಲ್ಲ. ಬಣ್ಣ ನೋಡಿ ಕೂಲೆಂಟ್ ಬೆರೆಸುವುದೂ ಬೇಡ, ಬಣ್ಣಕ್ಕೆ ಎಲ್ಲರೂ ಪಾಲಿಸುವ ನಿಯಮವೇ ಇಲ್ಲ. ಗಾಡಿಯ ಕೈಪಿಡಿಯಲ್ಲಿ ಹೇಳಿದ ದರ್ಜೆಯದ್ದನ್ನೇ ಡಿಸ್ಟಿಲ್ಡ್ ವಾಟರ್ ಜೊತೆ ಹಾಕಿ, ಹೇಳಿದ ಅವಧಿಗೆ ಬದಲಿಸಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆಯಿರಿ.