ಸೀರೆಯ ಸೆರಗಿನಿಂದ ಹೂಜಿಯ ಹೆಗಲಿಗೆ

ಪ್ರಶ್ನೆ: ಒಂದು ವರ್ಷದಿಂದ ಕುಂಬಾರರ ತಿಗರಿ ಮೇಲೆ ಕೆಲಸ ಕಲಿಯುತ್ತಿದ್ದೇನೆ. ಕೈ ಕುದುರಿದೆ. ಆದರೆ ಡಿಸೈನ್ ಅಂದ ಕೂಡಲೇ ಮೊಬೈಲ್ ನೋಡುತ್ತೇನೆ. ಮಾಡಿದ್ದೆಲ್ಲ ಬೇರೆಯವರದ್ದರ ಹಾಗೇ ಕಾಣುತ್ತದೆ. ನನ್ನದೇ ಅನ್ನುವಂಥದ್ದು ಎಲ್ಲಿ ಹುಡುಕಲಿ? ಬಣ್ಣವನ್ನೂ ಬಳಿಯಬೇಕಾ?
– ಓದುಗರೊಬ್ಬರು, ಧಾರವಾಡ

ಉತ್ತರ: ಧಾರವಾಡದವರು ನೀವು. ಮನೆಯ ಟ್ರಂಕಿನಲ್ಲಿ ಒಂದಾದರೂ ಕಸೂತಿ ಸೀರೆ ಇರಬೇಕಲ್ವಾ? ತೆಗೆದು, ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ. ಗವಂತಿ ಹೊಲಿಗೆ ಎರಡೂ ಕಡೆ ಒಂದೇ ಥರ ಇರುತ್ತದೆ. ಮುರ್ಗಿಯಾದರೆ ಗೆರೆ ಮೆಟ್ಟಿಲು ಹತ್ತಿದ ಹಾಗೆ ಹೋಗುತ್ತದೆ. ಅದನ್ನು ಹಾಕಿದವರು ಪೆನ್ಸಿಲ್ಲಿನಿಂದ ಗೀಟು ಎಳೆದುಕೊಂಡವರಲ್ಲ, ಬಟ್ಟೆಯ ಎಳೆ ಎಣಿಸುತ್ತಾ ಹೋದವರು.

ನಾನು ಶುರು ಮಾಡಿದ್ದೂ ಅಲ್ಲಿಂದಲೇ. ಅಜ್ಜಿಯ ಕಪ್ಪು ಚಂದ್ರಕಾಳಿ ಸೀರೆಯಲ್ಲಿದ್ದ ತೇರನ್ನು ಇಡಿಯಾಗಿ ಹೂಜಿಯ ಹೊಟ್ಟೆ ಮೇಲೆ ಕೆತ್ತಿದೆ. ಸೆರಗಿನಲ್ಲಿ ನೆಟ್ಟಗೆ ನಿಂತಿದ್ದ ತೇರು ಮಣ್ಣಿನ ಉಬ್ಬಿನ ಮೇಲೆ ವಾಲಿಬಿಟ್ಟಿತು. ಆಮೇಲೆ ತೇರು ಬಿಟ್ಟು, ಪಕ್ಕದಲ್ಲಿದ್ದ ಮುರ್ಗಿ ಸಾಲನ್ನಷ್ಟೇ ಹೂಜಿಯ ಹೆಗಲಿಗೆ ತಂದೆ. ಅಲ್ಲಿಗೆಂದೇ ಹುಟ್ಟಿದ ಹಾಗೆ ಕೂತಿತು. ಹಾಗಾಗಿ ಒಂದು ಸೀರೆಯಿಂದ ಒಂದೇ ಸಾಲು ಎತ್ತಿಕೊಳ್ಳಿ, ಜಾಸ್ತಿ ಬೇಡ.

ಕಾಗದದ ಪಟ್ಟಿಯನ್ನು ಹೂಜಿಯ ಹೆಗಲಿಗೆ ಸುತ್ತಿ, ಸುತ್ತಳತೆಗೆ ಸರಿಯಾಗಿ ಕತ್ತರಿಸಿ, ಮೂರು ಸಲ ಅರ್ಧಕ್ಕೆ ಮಡಚಿ. ಎಂಟು ಮನೆ ಸಿಗುತ್ತವೆ. ಆ ಗುರುತುಗಳನ್ನು ಮಣ್ಣಿಗೆ ಇಳಿಸಿಕೊಂಡರೆ ಕೊನೆಯ ಮೆಟ್ಟಿಲು ಮೊದಲನೆಯದಕ್ಕೆ ಬಂದು ಕೂಡುತ್ತದೆ. ತುಂಬಾ ಹಸಿ ಇದ್ದಾಗ ಗೀರಬೇಡಿ, ಗೆರೆಯ ಎರಡೂ ಬದಿ ಮಣ್ಣು ಎದ್ದು ನಿಲ್ಲುತ್ತದೆ. ಪೂರ್ತಿ ಒಣಗಿದ ಮೇಲಾದರೆ ಚಕ್ಕೆ ಏಳುತ್ತದೆ. ಬೆರಳು ಒತ್ತಿದರೆ ಕುಳಿ ಬೀಳಬಾರದು, ಉಗುರು ಎಳೆದರೆ ಗೀರು ಮೂಡಬೇಕು, ಮುಟ್ಟಿದರೆ ಇನ್ನೂ ತಣ್ಣಗಿರಬೇಕು. ಅದೇ ಸರಿಯಾದ ಹೊತ್ತು.

ಬಣ್ಣದ ಮಾತಿಗೆ ಬಂದರೆ, ನಾನು ಬಳಿಯುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಹಳೆಯ ಕಲ್ಲುಗೋರಿಗಳಲ್ಲಿ ಕಪ್ಪು-ಕೆಂಪು ಪಾತ್ರೆಗಳು ಸಿಕ್ಕವು. ಒಳಗೆ ಮತ್ತು ಬಾಯಿಯ ಸುತ್ತ ಕಪ್ಪು, ಹೊರಗೆ ಕೆಂಪು. ಬೋರಲು ಹಾಕಿ ಸುಟ್ಟಾಗ ಒಳಗೆ ಗಾಳಿಯಾಡದೆ ಹೀಗಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಎಂಥ ಚಂದದ ಯೋಚನೆ ನೋಡಿ, ಎರಡು ಬಣ್ಣವನ್ನೂ ಬೆಂಕಿಯಿಂದಲೇ ತೆಗೆದಿದ್ದಾರೆ! ಆವಿಗೆಯಲ್ಲಿ ಒಂದೆರಡು ಕುಡಿಕೆಗಳನ್ನು ಹೀಗೆ ಬೋರಲಿಟ್ಟು ನೋಡಿ.

ಇಷ್ಟಾದ ಮೇಲೂ ತೇರು ಬೇಕೇ ಬೇಕು ಅನ್ನಿಸಿದರೆ ತಟ್ಟೆ ಮಾಡಿ. ನಡುಭಾಗ ಚಪ್ಪಟೆ ಇರುವುದರಿಂದ ತೇರು ಅಲ್ಲಿ ನೆಟ್ಟಗೆ ನಿಲ್ಲುತ್ತದೆ.