ಆಫೀಸ್ ಮೀಟಿಂಗ್‌ಗಳಲ್ಲಿ ಕೇಳಿಬರುವ ದೊಡ್ಡ ದೊಡ್ಡ ಪದಗಳನ್ನು ಕಲಿಯುವುದು ಹೇಗೆ?

ಸಿನರ್ಜಿ, ಬ್ಯಾಂಡ್‌ವಿಡ್ತ್, ಸರ್ಕಲ್ ಬ್ಯಾಕ್ ಅಂತ ಎಲ್ಲರೂ ಮಾತಾಡುವಾಗ ಸುಮ್ಮನೆ ತಲೆಯಾಡಿಸುತ್ತೇನೆ, ಇಂಥ ಪದಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಲೇ ಎಂದು ಬರೆದಿದ್ದೀರಿ. ನಾನೂ ತಲೆಯಾಡಿಸಿಕೊಂಡೇ ಬಂದವನು. ಆದರೆ ನನಗೆ ಪೆಟ್ಟು ಕೊಟ್ಟಿದ್ದು ಅರ್ಥ ಗೊತ್ತು ಎಂದುಕೊಂಡಿದ್ದ ಪದ.

ಅಮೆರಿಕದ ಕ್ಲೈಂಟ್ ಜೊತೆ ಕಾಲ್ ಇತ್ತು. ಅವರ ಮ್ಯಾನೇಜರ್ ‘ಲೆಟ್ಸ್ ಟೇಬಲ್ ದ ಮೈಗ್ರೇಷನ್’ ಅಂದರು. ಮೈಗ್ರೇಷನ್ ಅಂದರೆ ಹಳೆಯ ಸಿಸ್ಟಮ್‌ನಿಂದ ಹೊಸದಕ್ಕೆ ಬದಲಾಗುವ ಕೆಲಸ. ಟೇಬಲ್ ಮಾಡುವುದೆಂದರೆ ಚರ್ಚೆಗೆ ಎತ್ತಿಕೊಳ್ಳುವುದು ಎಂದೇ ನಾನು ಕಲಿತಿದ್ದೆ. ಅದು ಬ್ರಿಟಿಷ್ ರೂಢಿ. ಅಮೆರಿಕದಲ್ಲಿ ಅದರ ಅರ್ಥ ತದ್ವಿರುದ್ಧ, ಸದ್ಯಕ್ಕೆ ಬದಿಗಿಡೋಣ ಅಂತ. ನಾನು ಇಡೀ ಟೀಮನ್ನು ಮೈಗ್ರೇಷನ್‌ಗೆ ಹಚ್ಚಿದೆ. ಅವರು ಕಾಯುತ್ತಿದ್ದ ಬಿಲ್ಲಿಂಗ್ ರಿಪೋರ್ಟ್‌ಗೆ ಯಾರೂ ಕೈ ಹಾಕಲಿಲ್ಲ. ರಿವ್ಯೂ ದಿನ ವಿಷಯ ಹೊರಬಿತ್ತು, ಪ್ರಾಜೆಕ್ಟ್ ನನ್ನ ಕೈತಪ್ಪಿತು.

ಆ ಪದಕ್ಕೆ ಎಡವಿದವನು ನಾನೊಬ್ಬನೇ ಅಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾಧಿಕಾರಿಗಳು ಇದೇ ಪದದ ಮೇಲೆ ಬಹಳ ಹೊತ್ತು ವಾದಕ್ಕೆ ಬಿದ್ದಿದ್ದನ್ನು ಚರ್ಚಿಲ್ ಬರೆದಿದ್ದಾರೆ. ಇಬ್ಬರಿಗೂ ಬೇಕಿದ್ದದ್ದು ಒಂದೇ ಎಂದು ಆಮೇಲೆ ಗೊತ್ತಾಯಿತಂತೆ. ನನ್ನ ನಿಜವಾದ ತಪ್ಪು ಇದ್ದದ್ದು ಮಿನಿಟ್ಸ್‌ನಲ್ಲಿ, ಅಂದರೆ ಮೀಟಿಂಗ್‌ನ ತೀರ್ಮಾನಗಳನ್ನು ಬರೆದಿಡುವ ಟಿಪ್ಪಣಿಯಲ್ಲಿ. ‘ಮೈಗ್ರೇಷನ್ ಟೇಬಲ್ಡ್’ ಎಂದು ಅವರ ಪದವನ್ನೇ ಬರೆದು ಕಳಿಸಿದ್ದೆ. ಅವರು ತಮ್ಮ ಅರ್ಥದಲ್ಲಿ ಓದಿ ‘ಸರಿ’ ಎಂದರು. ನಾನು ಆ ‘ಸರಿ’ಯನ್ನು ನನ್ನ ಅರ್ಥದಲ್ಲಿ ಓದಿದೆ. ‘ಮೈಗ್ರೇಷನ್ ಸೋಮವಾರ ಶುರು, ರಿಪೋರ್ಟ್ ಆಮೇಲೆ’ ಎಂದು ಬರೆದಿದ್ದರೆ ಅವತ್ತೇ ಫೋನ್ ಬರುತ್ತಿತ್ತು. ಅಷ್ಟೇ ಸಾಕಿತ್ತು, ಒಂದು ಸಾಲು.

ಹಾಗಾಗಿ ಪದಗಳ ಪಟ್ಟಿ ಬಾಯಿಪಾಠ ಮಾಡುವ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಓಕೆಆರ್‌ (ಆಬ್ಜೆಕ್ಟಿವ್ಸ್ ಅಂಡ್ ಕೀ ರಿಸಲ್ಟ್ಸ್) ಥರ ಖಚಿತ ಅರ್ಥವಿರುವ ಪದಗಳನ್ನು ಖಂಡಿತ ಕಲಿಯಿರಿ. ಚಿಪ್ ಕಂಪನಿ ಇಂಟೆಲ್‌ನಲ್ಲಿ ಅದರ ಮುಖ್ಯಸ್ಥರಾಗಿದ್ದ ಆಂಡಿ ಗ್ರೋವ್ ಬೆಳೆಸಿದ, 1999ರಲ್ಲಿ ಹೂಡಿಕೆದಾರ ಜಾನ್ ಡೋರ್ ಗೂಗಲ್‌ಗೆ ಕೊಂಡೊಯ್ದ ಪದ್ಧತಿ ಅದು. ಗುರಿಯ ಜೊತೆಗೆ ಅಳೆಯಬಹುದಾದ ಫಲಿತಾಂಶವನ್ನೂ ಬರೆಯಬೇಕಾಗುತ್ತದೆ, ಅಂದಾಜಿಗೆ ಜಾಗವಿಲ್ಲ. ಸಿನರ್ಜಿ, ಅಲೈನ್‌ಮೆಂಟ್‌ನಂಥ ಮಸುಕು ಮಾತು ಶುರುವಾದರೆ ಮಾತ್ರ ಕಾಲ್‌ನಲ್ಲೇ ಕೇಳಿಬಿಡಿ: ‘ಹಾಗಾದರೆ ಯಾರು ಏನು ಮಾಡಬೇಕು, ಯಾವತ್ತಿಗೆ?’ ಎಷ್ಟೋ ಸಲ ಪಕ್ಕದಲ್ಲಿರುವವರಿಗೂ ಅದೇ ಬೇಕಿರುತ್ತದೆ, ಕೇಳಲು ಬಾಯಿ ಬರುವುದಿಲ್ಲ. ಇಒಡಿ (ಎಂಡ್ ಆಫ್ ಡೇ) ಅಂದರೆ ಯಾರ ದಿನದ ಕೊನೆ? ಗಂಟೆ, ಟೈಮ್‌ಝೋನ್ ಎರಡನ್ನೂ ಹೇಳಿಸಿಕೊಳ್ಳಿ. ಎಲ್ಲರೆದುರು ಕೇಳಲು ತೀರಾ ಸಂಕೋಚವಾದರೆ ಕಾಲ್ ಮುಗಿದ ಕೂಡಲೇ ನಿಮಗೆ ತಿಳಿದದ್ದನ್ನು ಮೇಲ್‌ನಲ್ಲಿ ಬರೆದು ಕಳಿಸಿ. ಅದರಲ್ಲಿ ಅವರು ಬಳಸಿದ ಪದ ಒಂದೂ ಇರಬಾರದು.